ಮದ್ದಿನ ಭಯವಿದೆ, ಸೀಸದ ಧೂಳಿನ ಭಯವಿಲ್ಲ

ಮಾನ್ಯ ಸಂಪಾದಕರೆ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಪಿಸ್ತೂಲು ಶೂಟಿಂಗ್ ಅನ್ನು ಹವ್ಯಾಸವಾಗಿಸಿಕೊಂಡವರಿದ್ದಾರೆ. ಅವರಲ್ಲಿ ಕೆಲವರು ತೋಟಾಗಳನ್ನು ಅಂಗಡಿಯಿಂದ ಕೊಳ್ಳದೆ ಮನೆಯ ಗ್ಯಾರೇಜಿನಲ್ಲಿ ತಾವೇ ತುಂಬಿಕೊಳ್ಳುತ್ತಾರೆ. ಹಾರಿಸಿಯಾದ ಹಿತ್ತಾಳೆಯ ಖಾಲಿ ತೋಟಾವನ್ನು ಶುಚಿಗೊಳಿಸಿ, ಸಿಡಿಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಬದಲಿಸಿ, ಮದ್ದು ಅಳೆದು ಸುರಿದು, ಮೇಲೆ ಸೀಸದ ಗುಂಡನ್ನು ಒತ್ತಿ ಕೂರಿಸುವ ಈ ಕೆಲಸಕ್ಕೆ, ಸ್ವಂತ ಬಳಕೆಗೆ ಮಾತ್ರವಾದರೆ, ಅಮೆರಿಕದ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ. ಭಾರತದಲ್ಲಿ ಹಾಗಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಈ ಪತ್ರವನ್ನು ಅಂಥ ಪ್ರಯೋಗಕ್ಕೆ ಪ್ರೇರಣೆಯೆಂದು ಯಾರೂ ಭಾವಿಸಬಾರದು. ನಾನು ಹೇಳಬೇಕೆಂದಿರುವುದು ಸೀಸದ ಧೂಳಿನ ಬಗ್ಗೆ. ಅದು ಕರ್ನಾಟಕದ ಶೂಟಿಂಗ್ ತರಬೇತಿ ಕೇಂದ್ರಗಳಿಗೂ ಸಂಬಂಧಿಸಿದ ವಿಷಯ.

ತೋಟಾ ತುಂಬುವವರು ಮದ್ದಿಗೆ ಹೆದರುತ್ತಾರೆ, ಹೆದರಲೇಬೇಕು. ಬೇಗ ಉರಿಯುವ ಮದ್ದು 9 ಮಿ.ಮೀ. ತೋಟಾದೊಳಗೆ ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲದೆ ಇರಬಹುದು, ಹಾಗೆ ತುಂಬಿದ ತೋಟಾ ಪಿಸ್ತೂಲನ್ನೇ ಸಿಡಿಸಬಹುದು. ಹಾಗಾಗಿ ಗುಂಡು ಕೂರಿಸುವ ಮುನ್ನ ಪ್ರತಿಯೊಂದರೊಳಗೂ ಬೆಳಕು ಬಿಟ್ಟು ನೋಡುವುದು, ಸೀಸದ ಗುಂಡಿಗೆಂದೇ ಪ್ರಕಟವಾದ ಮದ್ದಿನ ಅಳತೆಯ ಕೋಷ್ಟಕವನ್ನು ಹಿಡಿದು ಅದರ ಕನಿಷ್ಠ ಪ್ರಮಾಣದಿಂದ ಆರಂಭಿಸುವುದು, ಹಾರಿಸುವಾಗ ಸದ್ದು ಕ್ಷೀಣವಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ಆ ಹವ್ಯಾಸಿಗಳಿಗೆ ರೂಢಿಯಾಗಿರುತ್ತದೆ. ಇಷ್ಟೆಲ್ಲ ಎಚ್ಚರ ವಹಿಸುವವರೇ ಅದೇ ಮೇಜಿನ ಮೇಲೆ ಕಾಫಿ ಲೋಟ ಇಟ್ಟುಕೊಂಡಿರುತ್ತಾರೆ.

ಸೀಸದ ಗುಂಡನ್ನು ಮುಟ್ಟುವುದೇ ಅಪಾಯವೆಂಬುದು ಸಾಮಾನ್ಯ ನಂಬಿಕೆ. ಆದರೆ ಲೋಹರೂಪದ ಸೀಸ ಚರ್ಮದ ಮೂಲಕ ಒಳಗಿಳಿಯುವುದು ಅತ್ಯಲ್ಪ. ಅದು ಮೈ ಸೇರುವುದು ಬೆರಳಿನಿಂದ ಬಾಯಿಗೆ ಹೋಗಿ, ಇಲ್ಲವೆ ಧೂಳಾಗಿ ಉಸಿರಿನೊಂದಿಗೆ. ಗುಂಡಿಗಿಂತ ಹೆಚ್ಚು ಅನುಮಾನದಿಂದ ನೋಡಬೇಕಾದದ್ದು ಖಾಲಿ ತೋಟಾದೊಳಗಿನ ಮಸಿಯನ್ನು. ಸಾಮಾನ್ಯ ಪ್ರೈಮರ್‌ಗಳಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತವಿರುತ್ತದೆ, ಸಿಡಿದ ಮೇಲೆ ಅದರ ಸೀಸ ಅತಿ ನುಣ್ಣನೆಯ ಕಣಗಳಾಗಿ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಆ ತೋಟಾಗಳನ್ನು ಅಕ್ರೋಟಿನ ಚಿಪ್ಪಿನ ಇಲ್ಲವೆ ಜೋಳದ ದಿಂಡಿನ ಪುಡಿಯೊಂದಿಗೆ ಯಂತ್ರಕ್ಕೆ ಹಾಕಿ ಗಂಟೆಗಟ್ಟಲೆ ತಿರುಗಿಸಿ, ಮುಚ್ಚಳ ತೆಗೆದು ಜರಡಿ ಹಿಡಿದಾಗ ಏಳುವ ಧೂಳು ಇಡೀ ಕೆಲಸದಲ್ಲೇ ಅತ್ಯಂತ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ನೀರು ಮತ್ತು ಉಕ್ಕಿನ ಸಣ್ಣ ಕಡ್ಡಿಗಳೊಂದಿಗೆ ತೊಳೆಯುವ ವಿಧಾನದಲ್ಲಿ ಧೂಳೇಳುವುದಿಲ್ಲ, ಆದರೆ ಆ ಕೊಳಕು ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಗುಂಡನ್ನೂ ಮನೆಯಲ್ಲೇ ಎರಕ ಹೊಯ್ಯುವವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕರಗಿದ ಸೀಸದೊಳಗೆ ಒಂದು ಹನಿ ನೀರು ಬಿದ್ದರೆ ಅದು ತಟ್ಟನೆ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ.

ಧೂಳು ಬಿದ್ದಲ್ಲಿ ಪೊರಕೆ ಹಿಡಿಯಬಾರದು. ಮನೆಯ ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ಸಹ ನುಣ್ಣನೆಯ ಕಣಗಳನ್ನು ಹಿಂದಿನಿಂದ ಗಾಳಿಗೆ ಬಿಡುವುದರಿಂದ, ಒದ್ದೆ ಬಟ್ಟೆಯಿಂದ ಒರೆಸುವುದೇ ಮೇಲು. ಕೆಲಸದ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು ಮತ್ತು ಕೈ, ಮುಖಗಳನ್ನು ಸೋಪಿನಿಂದ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ಮಗುವಿನ ಮಾತು ಸುಮ್ಮನೆ ಬಂದುದಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 1978ರಲ್ಲಿ ರೂಪಿಸಿದ ನಿಯಮವು, ಕಾರ್ಖಾನೆಯ ಕೆಲಸಗಾರನ ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ಸೀಸ ಕಂಡಾಗ ಅವನನ್ನು ಆ ಕೆಲಸದಿಂದ ದೂರವಿಡಲು ಹೇಳಿತು. ಮಕ್ಕಳ ವಿಷಯದಲ್ಲಿ 3.5 ಮೈಕ್ರೋಗ್ರಾಂ ಕಂಡರೂ ಗಮನ ಕೊಡಬೇಕೆಂದು 2021ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ನಿಗದಿಪಡಿಸಿತು. ಸುರಕ್ಷಿತವೆನ್ನಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿದರೂ ಮೂಳೆಯಲ್ಲಿ ನೆಲೆಗೊಂಡದ್ದು ದಶಕಗಳ ಕಾಲ ಉಳಿಯುತ್ತದೆ, ಗರ್ಭಿಣಿಯರಲ್ಲಿ ಅದು ಮತ್ತೆ ರಕ್ತಕ್ಕಿಳಿದು ಭ್ರೂಣವನ್ನೂ ತಲುಪುತ್ತದೆ.

ಈಗ ನಮ್ಮ ರಾಜ್ಯದ ವಿಷಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪದಕ ಗೆದ್ದ 10 ಮೀಟರ್ ಏರ್ ಪಿಸ್ತೂಲಿಗೆ ಹಾಕುವ 4.5 ಮಿ.ಮೀ. ಪೆಲೆಟ್ (ಪುಟ್ಟ ಗುಂಡು) ಸಾಮಾನ್ಯವಾಗಿ ಸೀಸದ್ದೇ. ಅದರಲ್ಲಿ ಪ್ರೈಮರ್ ಇಲ್ಲದ ಕಾರಣ ಅಪಾಯ ಬಹಳ ಕಡಿಮೆಯೆಂಬುದನ್ನು ಒಪ್ಪಬೇಕು. ಆದರೂ ಶಾಲಾ ಮಕ್ಕಳು ಪೆಲೆಟ್‌ಗಳನ್ನು ಬೆರಳಿನಿಂದಲೇ ಒಂದೊಂದಾಗಿ ತುಂಬುತ್ತಾರೆ, ಗುರಿಯ ಹಿಂದಿನ ಪೆಟ್ಟಿಗೆಯಲ್ಲಿ ಜಜ್ಜಿದ ಸೀಸದ ಪುಡಿ ಶೇಖರವಾಗುತ್ತದೆ. .22 ಬೋರಿನ ಪಿಸ್ತೂಲು ಹಾರಿಸುವ ಒಳಾಂಗಣಗಳಲ್ಲಾದರೆ ಗುಂಡು, ಪ್ರೈಮರ್ ಎರಡರಿಂದಲೂ ಸೀಸ ಗಾಳಿ ಸೇರುವುದರಿಂದ, ಹೊಗೆಯನ್ನು ಶೂಟರ್‌ನ ಮುಖದಿಂದ ಗುರಿಯ ಕಡೆಗೆ ಒಯ್ಯುವ ಗಾಳಿಯ ವ್ಯವಸ್ಥೆ ಇರಲೇಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡಗಿನವರು ತೆಂಗಿನಕಾಯಿಗೆ ಗುಂಡು ಹೊಡೆಯುವುದು ಬಯಲಿನಲ್ಲಾದ್ದರಿಂದ ಅಲ್ಲಿ ಈ ಚಿಂತೆ ಅಷ್ಟಿಲ್ಲ, ಆದರೆ ಕೋವಿ ಶುಚಿಗೊಳಿಸಿದ ಮೇಲೆ ಕೈ ತೊಳೆಯುವುದು ಅವರಿಗೂ ಒಳ್ಳೆಯದೇ.

ಭಾರತವು ಪೆಟ್ರೋಲಿನ ಸೀಸವನ್ನು 2000ದಲ್ಲಿ ಕೈಬಿಟ್ಟಿತು, ಮನೆಬಣ್ಣದಲ್ಲಿ ಅದು 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂದು 2016ರಲ್ಲಿ ನಿಯಮ ಮಾಡಿತು. ಕ್ರೀಡಾ ಇಲಾಖೆ ಮತ್ತು ರಾಜ್ಯದ ರೈಫಲ್ ಸಂಸ್ಥೆಗಳು ತರಬೇತಿ ಕೇಂದ್ರಗಳಿಗೆ ಮಾನ್ಯತೆ ನೀಡುವಾಗ ಬಾಗಿಲ ಬಳಿ ನಲ್ಲಿ ಮತ್ತು ಸೋಪು, ಒಳಗೆ ತಿಂಡಿಗೆ ನಿಷೇಧ, ಒದ್ದೆ ಒರೆಸುವಿಕೆ, ಸಿಬ್ಬಂದಿಗೆ ವರ್ಷಕ್ಕೊಮ್ಮೆ ರಕ್ತದ ಸೀಸದ ಪರೀಕ್ಷೆ ಇವುಗಳನ್ನು ಷರತ್ತಾಗಿಸಬೇಕೆಂದು ವಿನಂತಿಸುತ್ತೇನೆ. ಅಲ್ಲಿಯವರೆಗೆ ಪೋಷಕರು ಮಕ್ಕಳ ಟಿಫಿನ್ ಡಬ್ಬಿ ಶೂಟಿಂಗ್ ಕೊಠಡಿಯೊಳಗೆ ಹೋಗದಂತೆ ನೋಡಿಕೊಂಡರೂ ಬಹಳಷ್ಟಾಯಿತು.

ಇಂತಿ,
ಡಲ್ಲಾಸ್‌ನಲ್ಲಿರುವ ತಮ್ಮ ಓದುಗ