ಗದ್ದಲ ಹೌದು, ಅಡ್ಡಾದಿಡ್ಡಿ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಭೂಗತ (ಅಂಡರ್‌ಗ್ರೌಂಡ್) ಸಂಗೀತದ ಬಗ್ಗೆ ನಿಮ್ಮ ಪತ್ರಿಕೆ ಈಚೆಗೆ ಪ್ರಕಟಿಸಿದ ಲೇಖನದಲ್ಲಿ ಕ್ರಸ್ಟ್ ಪಂಕ್‌ಗೆ (ಪಂಕ್ ರಾಕ್‌ನ ವೇಗಕ್ಕೆ ಮೆಟಲ್‌ನ ಭಾರ ಸೇರಿದ ಸಂಗೀತದ ಬಗೆ) ಎರಡೇ ಸಾಲು ಸಿಕ್ಕಿದೆ. ಕೇಳಲು ಬರೀ ಗದ್ದಲ, ನುಡಿಸಲು ಏನೂ ಕಲಿಯಬೇಕಿಲ್ಲ ಎಂಬುದು ಅದರ ಸಾರ. ಮೊದಲ ಮಾತಿಗೆ ನಮ್ಮ ತಕರಾರಿಲ್ಲ, ಗದ್ದಲವೇ ಬೇಕೆಂದು ನುಡಿಸುವವರು ನಾವು. ಎರಡನೆಯ ಮಾತು ತಪ್ಪು, ಸ್ವಲ್ಪ ಅಪಾಯದ್ದೂ ಹೌದು. ಅದನ್ನು ನಂಬಿ ಗ್ಯಾರೇಜಿನಲ್ಲಿ ಬ್ಯಾಂಡ್ ಕಟ್ಟಲು ಹೊರಟವರು ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಸುಟ್ಟುಕೊಳ್ಳುತ್ತಾರೆ, ಕಿವಿ ಕೆಡಿಸಿಕೊಳ್ಳುತ್ತಾರೆ, ಮೈಕ್ ಮುಟ್ಟಿ ಕರೆಂಟ್ ಹೊಡೆಸಿಕೊಳ್ಳುತ್ತಾರೆ. ಅದಕ್ಕೇ ಈ ಉದ್ದನೆಯ ಪತ್ರ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ 1977ರಲ್ಲಿ ಶುರುವಾದ ಡಿಸ್ಚಾರ್ಜ್ ಬ್ಯಾಂಡಿನ ಲಯ ಒಂದು ಕಡೆ, ಅಮೆಬಿಕ್ಸ್‌ನಂಥ ಬ್ಯಾಂಡುಗಳ ನಿಧಾನದ ಕತ್ತಲ ಭಾರ ಇನ್ನೊಂದು ಕಡೆ. 1980ರ ದಶಕದ ನಡುವಿನಲ್ಲಿ ಇವೆರಡೂ ಕಲೆತವು. ಹೆಲ್‌ಬಾಸ್ಟರ್ಡ್ ಬ್ಯಾಂಡಿನ 1986ರ ಡೆಮೊ ಕ್ಯಾಸೆಟ್ಟಿನ ಹೆಸರಿನಲ್ಲಿ 'ಕ್ರಸ್ಟ್' ಪದವಿತ್ತು, ಈ ಬಗೆಗೆ ಹೆಸರು ಅಂಟಿಕೊಂಡಿದ್ದು ಅಲ್ಲಿಂದ ಎನ್ನುವವರೇ ಹೆಚ್ಚು. ನಿಮ್ಮ ಲೇಖನ ಅದನ್ನು 'ಬ್ರೆಡ್ಡಿನ ಅಂಚು' ಎಂದು ಅನುವಾದಿಸಿದೆ. ಗಾಯದ ಮೇಲಿನ ಹಕ್ಕಳೆ ಅಂದರೆ ಧ್ವನಿಗೆ ಹತ್ತಿರವಾಗುತ್ತಿತ್ತು.

ಇನ್ನು ಲಯ. ಇದಕ್ಕೆ ಡಿ-ಬೀಟ್ ಎನ್ನುತ್ತಾರೆ, ಆ 'ಡಿ' ಡಿಸ್ಚಾರ್ಜ್‌ನದು. ವೇಗವಾಗಿ ಬಡಿದರೆ ಸಾಕು ಎಂದುಕೊಂಡವರು ಎಡವುವುದು ಇಲ್ಲೇ. ಆವರ್ತವನ್ನು ಎಂಟು ಪಾಲು ಮಾಡಿ ಎಣಿಸಿ. ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ ಪೆಟ್ಟು, ಅಂದರೆ ಕಿಕ್, ಬೀಳುವುದು 1, 4, 6ರ ಮೇಲೆ. ಕೋಲಿನಿಂದ ಬಡಿಯುವ ಸ್ನೇರ್ ಡ್ರಮ್ 3 ಮತ್ತು 7ರ ಮೇಲೆ. ಬಾಯಲ್ಲಿ ಹೇಳುವುದಾದರೆ 'ತಕಿಟ ತಕ ತಕಿಟ', ಅಂದರೆ 3, 2, 3. ಪ್ರತಿ 'ತ'ಕಾರಕ್ಕೂ ಒಂದು ಕಿಕ್, ಮೊದಲ ತಕಿಟದ 'ಟ'ಕ್ಕೆ ಮತ್ತು ಕೊನೆಯ ತಕಿಟದ 'ಕಿ'ಗೆ ಸ್ನೇರ್. ಐದನೆಯ ಪಾಲಿನಲ್ಲಿ ಕಾಲು ಸುಮ್ಮನಿರಬೇಕು. ಆವರ್ತದ ಸರಿ ಅರ್ಧಕ್ಕೆ ಬರುವ ಆ ಖಾಲಿಯೇ ಹಾಡನ್ನು ಮುಂದಕ್ಕೆ ತಳ್ಳುವುದು. ಹೊಸಬರ ಕಾಲು ತಾನಾಗಿ ಅಲ್ಲಿಗೇ ಬಿದ್ದುಬಿಡುತ್ತದೆ, ಬಿದ್ದರೆ ಅದು ಸಾದಾ ರಾಕ್ ಬೀಟ್. ಎರಡು ಪಾಲಿಗೆ ಒಂದು ಮಾತ್ರೆಯಂತೆ, ನಿಮಿಷಕ್ಕೆ 190 ಮಾತ್ರೆಯ ವೇಗದಲ್ಲಿ ಇಡೀ ಆವರ್ತ ಒಂದೂಕಾಲು ಸೆಕೆಂಡಿನಲ್ಲಿ ಮುಗಿಯುತ್ತದೆ. ತಪ್ಪಿದರೆ ತಿದ್ದಿಕೊಳ್ಳಲು ಪುರುಸೊತ್ತಿಲ್ಲ. ಹಾಗಾಗಿ 100ರಲ್ಲಿ ಶುರುಮಾಡಿ, ಎರಡು ನಿಮಿಷ ನಿಲ್ಲಿಸದೆ ತಪ್ಪದೆ ಬಂದ ಮೇಲೆ 5 ಏರಿಸಬೇಕು. ತೋಳು ಬಿಗಿದುಕೊಂಡರೆ ವೇಗ ಹೆಚ್ಚಾಯಿತೆಂದಲ್ಲ, ಕೋಲನ್ನು ಹಿಸುಕಿ ಹಿಡಿದಿದ್ದೀರಿ ಎಂದರ್ಥ.

ಗಿಟಾರಿನ ಶ್ರುತಿಯನ್ನು ನಾಲ್ಕು ಮನೆ ಇಳಿಸಿ, ಇ ತಂತಿಯನ್ನು ಸಿ ಮಾಡಿಕೊಳ್ಳುವುದು ರೂಢಿ. ತಿರುಪು ಸಡಿಲಿಸಿದರೆ ಆಯಿತಲ್ಲ ಅನ್ನಬಹುದು. ಆದರೆ ಹಾಗೆ ಇಳಿಸಿದ ತಂತಿ ತನ್ನ ಬಿಗುವಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಸಡಿಲ ತಂತಿಯನ್ನು ಜೋರಾಗಿ ಮೀಟಿದ ಕ್ಷಣ ಶ್ರುತಿ ಮೇಲಕ್ಕೆ ಹಾರಿ ಆಮೇಲೆ ಕೆಳಗಿಳಿಯುತ್ತದೆ. ಎರಡು ಗಿಟಾರು ಹೀಗೆ ಬೇರೆ ಬೇರೆ ಹಾರಿದರೆ ಒಂದೂ ಶ್ರುತಿಯಲ್ಲಿ ಇರುವುದಿಲ್ಲ. 10–46ರ (ಇಂಚಿನ ಸಾವಿರದ ಪಾಲಿನಲ್ಲಿ ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ದಪ್ಪ) ತಂತಿ ತೆಗೆದು 12–56 ಅಥವಾ 13–58ರ ಹತ್ತಿರದ್ದು ಹಾಕಿದರೆ ಹಳೆಯ ಬಿಗುವು ಮರಳಿ ಬರುತ್ತದೆ. ದಪ್ಪ ತಂತಿ ನಟ್ಟಿನ (ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ತೋಡಿನಲ್ಲಿ ಸಿಕ್ಕಿಕೊಂಡರೆ ತಿರುಪು ತಿರುಗಿಸುವಾಗ 'ಟಿಕ್' ಅಂತ ಸದ್ದು ಬಂದು ಶ್ರುತಿ ನೆಗೆಯುತ್ತದೆ. ತೋಡನ್ನು ಸಣ್ಣ ಅರದಿಂದ ಅಗಲ ಮಾಡಿ, ಆಳ ಮಾಡಬೇಡಿ, ಮೇಲೆ ಪೆನ್ಸಿಲ್ಲಿನ ಸೀಸ ಉಜ್ಜಿ. ಕುತ್ತಿಗೆ ಬಾಗಿದ್ದರೆ ಅದರೊಳಗಿನ ಕಬ್ಬಿಣದ ಸರಳಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಕೊನೆಗೆ 12ನೇ ಮನೆಯಲ್ಲಿ ಒತ್ತಿದ ಸ್ವರವನ್ನೂ ಬರೀ ಬೆರಳು ತಾಗಿಸಿ ತೆಗೆದ ಸ್ವರವನ್ನೂ ಹೋಲಿಸಿ ನೋಡಿ. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ (ಬುಡದಲ್ಲಿ ತಂತಿ ಕೂರುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ.

ಡಿಸ್ಟಾರ್ಷನ್, ಅಂದರೆ ಗಿಟಾರಿನ ಸದ್ದನ್ನು ಒರಟಾಗಿ ಒಡೆಯುವ ವಿಷಯಕ್ಕೆ ಬಂದರೆ, ಅದನ್ನು ಏರಿಸುವ ಗೇನ್ ಗುಂಡಿ ಪೂರ್ತಿ ತಿರುಗಿಸಿದವರ ಬ್ಯಾಂಡ್ ಸಣ್ಣಗೆ ಕೇಳುತ್ತದೆ. ಗೇನ್ ಏರಿದಷ್ಟೂ ಮೀಟಿನ ಮೊದಲ ಪೆಟ್ಟಿಗೂ ಅದರ ಬಾಲಕ್ಕೂ ಅಂತರ ಅಳಿಸಿಹೋಗಿ ಬರೀ ಜೀರುಂಡೆ ಸದ್ದು ಉಳಿಯುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಮಿಡ್ (ನಡು ಸ್ಥಾಯಿಯ ಸದ್ದು) ತೆಗೆದು ಬಾಸ್, ಟ್ರೆಬಲ್ ಏರಿಸಿದರೆ ಸೊಗಸಾಗಿ ಕೇಳುವುದು ನಿಜ. ಬ್ಯಾಂಡಿನ ನಡುವೆ ಆ ಬಾಸ್ ಜಾಗ ಬಾಸ್ ಗಿಟಾರಿನದು, ಆ ಟ್ರೆಬಲ್ ಜಾಗ ತಾಳದ ತಟ್ಟೆಗಳದು, ನಿಮಗೆ ಉಳಿಯುವುದು ನೀವೇ ತೆಗೆದುಹಾಕಿದ ಮಿಡ್. ಮಿಡ್ ಏರಿಸಿ, ಗೇನ್ ಮುಕ್ಕಾಲಿಗೆ ಇಳಿಸಿ. ಡಿಸ್ಟಾರ್ಷನ್ನಿನಲ್ಲಿ ಒಟ್ಟಿಗೆ ಮೀಟಿದ ಸ್ವರಗಳ ಮೊತ್ತ, ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಷಡ್ಜ, ಪಂಚಮ ಎರಡೇ ಇದ್ದರೆ ಅವು ಹೊಂದುತ್ತವೆ, ಗಾಂಧಾರ ಸೇರಿದರೆ ಕಲಸುಮೇಲೋಗರ. ಆ ಎರಡೇ ಸ್ವರದ ಪವರ್ ಕಾರ್ಡ್ ಬಳಸುವುದು ಸೋಮಾರಿತನಕ್ಕಲ್ಲ. ಬಾಸ್ ಗಿಟಾರಿಗೂ ಡಿಸ್ಟಾರ್ಷನ್ ಬೇಕು, ಆದರೆ ಸದ್ದನ್ನು ಎರಡು ದಾರಿ ಮಾಡಿ ಒಂದನ್ನು ಶುದ್ಧವಾಗಿ ಬಿಟ್ಟರೆ ಮಾತ್ರ ತಳ ಉಳಿಯುತ್ತದೆ.

ಆಂಪ್‌ಗಳ ಬಗ್ಗೆ ಲೇಖನದಲ್ಲಿ ಮಾತೇ ಇಲ್ಲ, ದುಡ್ಡು ಮುಳುಗುವುದು ಅಲ್ಲೇ. ವಾಲ್ವ್ (ಗಾಜಿನ ಟ್ಯೂಬ್) ಆಂಪನ್ನು ಸ್ಪೀಕರ್ ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ನೆಗೆದು ಸುರುಳಿ ಸುಟ್ಟುಹೋಗುತ್ತದೆ. 8 ಓಮ್‌ನ ಎರಡು ಸ್ಪೀಕರ್ ಕ್ಯಾಬಿನೆಟ್ಟುಗಳನ್ನು ಪಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ, ಜೋಡಿಸಿದರೆ ಒಟ್ಟು 4 ಓಮ್, 16 ಅಲ್ಲ. ವಾಲ್ವ್ ಆಂಪಿನ ಹಿಂದಿನ ಸ್ವಿಚ್ ಅದಕ್ಕೆ ಸರಿಯಾಗಿರಬೇಕು. ಟ್ರಾನ್ಸಿಸ್ಟರ್ ಆಂಪಿಗೆ ಸ್ಪೀಕರ್ ಇಲ್ಲದಿದ್ದರೂ ನಡೆಯುತ್ತದೆ, ಹಿಂದೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗಿಳಿದರೆ ನಡೆಯುವುದಿಲ್ಲ. ಹೆಡ್‌ನಿಂದ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಕ್ಯಾಬಿನೆಟ್ಟಿಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ಕೂದಲೆಳೆ, ಬಿಸಿಯಾಗಿ ಕರಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಅರ್ಥಿಂಗ್. ಗಿಟಾರಿನ ತಂತಿಗಳು ಬ್ರಿಜ್ ಮೂಲಕ ಆಂಪಿನ ಅರ್ಥಿಗೆ ಸೇರಿರುತ್ತವೆ, ಮೈಕಿನ ಜಾಲರಿ ಧ್ವನಿ ಬೆರೆಸುವ ಮಿಕ್ಸರಿನ ಅರ್ಥಿಗೆ. ಇವೆರಡರಲ್ಲಿ ಒಂದರ ಅರ್ಥ್ ಕಿತ್ತುಹೋಗಿದ್ದರೆ ಹಾಡುವವರ ತುಟಿಯೇ ಸರ್ಕ್ಯೂಟ್ ಪೂರ್ತಿ ಮಾಡುತ್ತದೆ. 'ಹಮ್' ಸದ್ದು ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವ ಚಾಳಿ ಎಲ್ಲೆಡೆ ಇದೆ. ದಯವಿಟ್ಟು ಬೇಡ. ವೇದಿಕೆಯ ಎಲ್ಲವನ್ನೂ ಅರ್ಥ್ ಇರುವ ಒಂದೇ ಸಾಲಿನಿಂದ ತೆಗೆದುಕೊಂಡರೆ ಹಮ್ ಕೂಡ ಬಹುಪಾಲು ಅಡಗುತ್ತದೆ. ಹಾಡು ಶುರುವಾಗುವ ಮೊದಲು ಮಲ್ಟಿಮೀಟರನ್ನು ಏಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ದೋಷ ಸಿಗುವ ತನಕ ಯಾರೂ ನುಡಿಸಬಾರದು, ಜನ ಎಷ್ಟೇ ಕಾದಿರಲಿ.

ಕೂಗುವುದು ಗಂಟಲಿನ ಕೆಲಸವಲ್ಲ, ಹೊಟ್ಟೆಯ ಕೆಲಸ. ಉಸಿರನ್ನು ಕೆಳಗಿನಿಂದ ಒಂದೇ ಸಮ ತಳ್ಳಿ, ಸ್ವರತಂತುಗಳ ಮೇಲಿರುವ ಹುಸಿತಂತುಗಳನ್ನು ಅದುರಿಸಿದರೆ ಕರ್ಕಶ ಧ್ವನಿ ಬರುತ್ತದೆ. ನೋವು, ಚುಚ್ಚು, ಮರುದಿನವೂ ಉಳಿಯುವ ಗೊಗ್ಗರು ಬಂದರೆ ಮಾಡುತ್ತಿರುವುದು ತಪ್ಪು. ಇನ್ನೊಂದು ಕೆಟ್ಟ ಅಭ್ಯಾಸವೆಂದರೆ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು. ಹಿಂಬದಿಯ ಸದ್ದನ್ನು ಕಡಿಮೆ ಮಾಡಲೆಂದು ಮೈಕಿನಲ್ಲಿರುವ ಕಿಂಡಿಗಳು ಅದರಿಂದ ಮುಚ್ಚಿಹೋಗಿ, ಅದು ಎಲ್ಲ ದಿಕ್ಕಿನಿಂದಲೂ ಸದ್ದು ಹಿಡಿಯತೊಡಗುತ್ತದೆ, ಫೀಡ್‌ಬ್ಯಾಕ್ ಕಿರುಚುತ್ತದೆ. ಆಮೇಲೆ ಎಲ್ಲರೂ ಮಿಕ್ಸರ್ ಮುಂದೆ ಕೂತವರನ್ನು ಬೈಯುತ್ತಾರೆ. ಹಾಡಿನ ಸ್ಪೀಕರುಗಳು ಮೈಕಿಗಿಂತ ಮುಂದೆ, ಜನರ ಕಡೆ ಮುಖಮಾಡಿ ಇರಲಿ. ಗಿಟಾರಿನ ಸದ್ದು ಹಾಡಿನ ಸ್ಪೀಕರನ್ನು ಮೀರಿದ್ದರೆ ಇಳಿಸಬೇಕಾದದ್ದು ಗಿಟಾರ್. ಇದನ್ನು ಒಪ್ಪುವ ಗಿಟಾರಿಸ್ಟ್ ಸಿಗುವುದು ಅಪರೂಪ ಎಂಬುದೂ ನಿಜ. ಅದಕ್ಕೊಂದು ಕಾರಣವೂ ಇದೆ. ಸ್ಪೀಕರಿನ ತಾರಸ್ಥಾಯಿಯ ಸದ್ದು ಟಾರ್ಚ್ ಬೆಳಕಿನಂತೆ ನೇರ ಹೋಗುತ್ತದೆ. ಮೊಣಕಾಲ ಮಟ್ಟದಲ್ಲಿರುವ ಕ್ಯಾಬಿನೆಟ್ಟಿನ ಪಕ್ಕ ನಿಂತವರಿಗೆ ಅದು ಮಂಕಾಗಿ ಕೇಳಿ ಟ್ರೆಬಲ್ ಏರಿಸುತ್ತಾರೆ, ಎದುರಿಗಿದ್ದವರ ಕಿವಿ ಕೊಯ್ಯುತ್ತದೆ. ಕ್ಯಾಬಿನೆಟ್ಟನ್ನು ಹಿಂದಕ್ಕೆ ಓರೆ ಮಾಡಿ ನುಡಿಸುವವರ ಕಿವಿಗೇ ಗುರಿಯಿಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಕಿವಿಯ ಲೆಕ್ಕ ಸರಳ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಒಂದೇ ಆ ಮಟ್ಟ ಮುಟ್ಟುತ್ತದೆ, ಅಭ್ಯಾಸ ನಡೆಯುವುದು ಎರಡು ಗಂಟೆ. ಫೋಮ್ ಬಿರಡೆಯನ್ನು ಬತ್ತಿಯಂತೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದ ಬಿರಡೆ ಇದ್ದೂ ಇಲ್ಲದಂತೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ನೆರೆಯವರಿಗೆ ಸದ್ದು ಹೋಗದು ಎಂಬ ನಂಬಿಕೆಯೂ ಇದೆ. ಅದು ಒಳಗಿನ ಮಾರ್ದನಿಯನ್ನು ತುಸು ತಗ್ಗಿಸೀತು, ಅಷ್ಟೇ. ಸದ್ದನ್ನು ತಡೆಯುವುದು ಗೋಡೆಯ ತೂಕ ಮತ್ತು ಬಾಗಿಲಿನ ಸಂದು ಮುಚ್ಚುವುದು.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಸೆಟ್ಟಿನ ಮೊದಲ ಐದಾರು ಸೆಕೆಂಡ್ ಬರೀ ಲೀಡರ್ ಪಟ್ಟಿ, ಅದರ ಮೇಲೆ ಏನೂ ದಾಖಲಾಗುವುದಿಲ್ಲ. ಪೆನ್ಸಿಲ್ಲಿನಿಂದ ಸುತ್ತಿ ಕಂದು ಟೇಪು ಕಂಡ ಮೇಲೆ ಶುರುಮಾಡಿ, ಇಲ್ಲವಾದರೆ ಮೊದಲ ಹಾಡಿನ ತಲೆ ಹೋಗುತ್ತದೆ. 7 ಇಂಚಿನ ಗ್ರಾಮಫೋನ್ ತಟ್ಟೆಯನ್ನು ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಜೋರಾಗಿ ಕೊರೆಸಬೇಕಾದರೆ ಪಕ್ಕಕ್ಕೆ ನಾಲ್ಕರಿಂದ ಐದು ನಿಮಿಷಕ್ಕೆ ನಿಲ್ಲಿಸಿ. ಹೆಚ್ಚು ತುರುಕಿದರೆ ತಟ್ಟೆಯ ತೋಡುಗಳನ್ನು ಹತ್ತಿರ ಮಾಡಲು ಸದ್ದನ್ನೇ ಇಳಿಸಬೇಕಾಗುತ್ತದೆ. ತಾಳದ ತಟ್ಟೆಗಳ ಅಬ್ಬರವಿರುವ ಹಾಡು ಒಳಸುತ್ತಿಗೆ ಬಾರದಿರಲಿ, ಸೂಜಿ ಅಲ್ಲಿ ಅದನ್ನು ಸರಿಯಾಗಿ ಓದಲಾರದು. ಬೆಲೆಯ ವಿಷಯದಲ್ಲಿ ಇಂಗ್ಲೆಂಡಿನ ಪಂಕ್ ಬ್ಯಾಂಡ್ ಕ್ರಾಸ್‌ನ ಪದ್ಧತಿ ಇಂದಿಗೂ ಸರಿ: ಇಷ್ಟಕ್ಕಿಂತ ಹೆಚ್ಚು ಕೊಡಬೇಡಿ ಎಂದು ಹೊದಿಕೆಯ ಮೇಲೇ ಅಚ್ಚುಹಾಕಿಬಿಡುವುದು.

ಕಾರ್ಯಕ್ರಮದ ದಿನ ಐದು ಬ್ಯಾಂಡ್ ಇದ್ದರೆ ಐದು ಡ್ರಮ್ಸ್ ಸೆಟ್ ಬೇಡ. ಸೆಟ್ ಒಂದೇ, ಆದರೆ ಸ್ನೇರ್, ತಾಳದ ತಟ್ಟೆ, ಕಿಕ್ ಪೆಡಲ್ ಅವರವರದೇ. ಒಡೆಯುವಂಥದ್ದನ್ನು ಯಾರೂ ಸಾಲ ಕೇಳಬಾರದು. ಕ್ಯಾಬಿನೆಟ್ ಹಂಚಿಕೊಳ್ಳಬಹುದು, ಹೆಡ್ ನಿಮ್ಮದು ತನ್ನಿ, ಓಮ್ ಎಷ್ಟೆಂದು ಹಿಂದಿನ ದಿನವೇ ಕೇಳಿಕೊಳ್ಳಿ. 20 ನಿಮಿಷ ನುಡಿಸಿ, 10 ನಿಮಿಷದಲ್ಲಿ ಇಳಿಯಿರಿ. ಇಳಿಯುವುದೆಂದರೆ ವೇದಿಕೆಯ ಮೇಲೆ ಕೂತು ತಟ್ಟೆ ಬಿಚ್ಚುವುದಲ್ಲ, ಎಲ್ಲವನ್ನೂ ಹಾಗೇ ಎತ್ತಿ ಬದಿಗೊಯ್ದು ಅಲ್ಲಿ ಬಿಚ್ಚುವುದು. ಬಾಗಿಲಲ್ಲಿ ಬಂದ ಹಣದಲ್ಲಿ ಮೊದಲು ಕೋಣೆಯ ಬಾಡಿಗೆ, ಆಮೇಲೆ ದೂರದಿಂದ ಬಂದವರ ಪ್ರಯಾಣದ ಖರ್ಚು, ಉಳಿದರೆ ಊರಿನ ಬ್ಯಾಂಡಿಗೆ. ಸಾಮಾನ್ಯವಾಗಿ ಉಳಿಯುವುದಿಲ್ಲ. ಈ ಲೆಕ್ಕವನ್ನು ಎಲ್ಲರ ಎದುರಿಗೆ ಎಣಿಸಿ ಹೇಳದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಯಾರೂ ಬರುವುದಿಲ್ಲ.

ಪದಗಳು ಅರ್ಥವಾಗುವುದಿಲ್ಲ ಎಂಬ ದೂರೂ ಲೇಖನದಲ್ಲಿದೆ. ನುಡಿಸುವವರಿಗೂ ಅದು ಗೊತ್ತಿದೆ, ಆದ್ದರಿಂದಲೇ ಯುದ್ಧ, ಅಣುಬಾಂಬು, ಪ್ರಾಣಿಹಿಂಸೆ ಕುರಿತ ಆ ಹಾಡುಗಳನ್ನು ಹಾಳೆಯ ಮೇಲೆ ಅಚ್ಚುಮಾಡಿ ಹಂಚುವ ರೂಢಿ ಬಂದಿದೆ. ಮುಂದಿನ ಬಾರಿ ನಿಮ್ಮ ವರದಿಗಾರರು ಇಂಥ ಕಾರ್ಯಕ್ರಮಕ್ಕೆ ಹೋಗುವುದಾದರೆ ಬಾಗಿಲ ಬಳಿಯ ಮೇಜಿನ ಮೇಲೆ ಆ ಹಾಳೆ ಇದೆಯೇ ನೋಡಲಿ. ಕಿವಿಗೆ ಬಿರಡೆ ಹಾಕಿಕೊಂಡು, ಕ್ಯಾಬಿನೆಟ್ಟಿನ ನೇರಕ್ಕೆ ನಿಲ್ಲದೆ ಡ್ರಮ್ಸ್‌ನ ಪಕ್ಕಕ್ಕೆ ನಿಂತು, ಐದನೆಯ ಪಾಲಿನಲ್ಲಿ ಕಾಲು ಬೀಳುತ್ತದೆಯೋ ಇಲ್ಲವೋ ಎಣಿಸಲಿ.

ಇಂತಿ,
ಕ್ರಸ್ಟ್ ಬ್ಯಾಂಡೊಂದರ ಸದಸ್ಯರು