ಪೊಟ್ಯಾಸಿಯಂ ಪುಡಿ ಮುಟ್ಟುವ ಮುಂಚೆ

ಬಸವನಗುಡಿ, ಬೆಂಗಳೂರು

ಚಿರಂಜೀವಿ ಪುಟ್ಟೂಗೆ ದೊಡ್ಡಮ್ಮನ ಆಶೀರ್ವಾದಗಳು.

ಅನ್ನ, ಮುದ್ದೆ ಬಿಟ್ಟ ಕತೆ ನಿಮ್ಮಮ್ಮ ಸಾಕಷ್ಟು ಹೇಳಿದ್ದಾಳೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾಲು ಸೆಳೆತ ಅಂತ ಬರೆದು, ಅದರ ಬೆನ್ನಿಗೇ 'ಮೊನ್ನೆ ರಾತ್ರಿ ಎದೆಬಡಿತ ತಪ್ಪಿದ ಹಾಗಾಯ್ತು, ಪೊಟ್ಯಾಸಿಯಂ ಪುಡಿ ತರಿಸಿದ್ದೀನಿ' ಅಂತ ಸುಮ್ನೆ ಸೇರಿಸಿದ್ದೀಯಲ್ಲ, ಅದಾದ ಮೇಲೆ ನಿನ್ನ ಪತ್ರದಲ್ಲಿ ಬೇರೇನೂ ನನ್ನ ತಲೆಗೆ ಹೋಗಲಿಲ್ಲ.

ಇನ್ನೂ ತೆಗೆದುಕೊಂಡಿಲ್ಲ ತಾನೆ?

ಅನ್ನ ಬಿಟ್ಟರೆ ಪೊಟ್ಯಾಸಿಯಂ ಕಮ್ಮಿಯಾಗುತ್ತದೆ ಅನ್ನುವ ನಿನ್ನ ಲೆಕ್ಕ ತಪ್ಪು ಅಂತ ನಾನು ಹೇಳುತ್ತಿಲ್ಲ. ಅನ್ನ ಬಿಟ್ಟರೆ ಇನ್ಸುಲಿನ್ ಇಳಿಯುತ್ತದೆ, ಕಿಡ್ನಿ ಉಪ್ಪನ್ನೂ ನೀರನ್ನೂ ಜಾಸ್ತಿ ಹೊರಗೆ ಹಾಕುತ್ತದೆ. ಉಳಿದ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಹೋಗಿ ಮೈ ಪೊಟ್ಯಾಸಿಯಂ ಬಿಟ್ಟುಕೊಡುತ್ತದೆ. ಜೊತೆಗೆ ಬಾಳೆಹಣ್ಣು, ಆಲೂಗಡ್ಡೆ, ಬೇಳೆಕಾಳು ತಟ್ಟೆಯಿಂದಲೇ ಹೋದವು. ದೊಡ್ಡವರಿಗೆ ದಿನಕ್ಕೆ 3,500 ಮಿಲಿಗ್ರಾಂ ಪೊಟ್ಯಾಸಿಯಂ ಬೇಕು, ಹೌದು. ಆದರೆ ಎದೆ ತಪ್ಪಿದ್ದು ಅದು ಕಮ್ಮಿಯಾಗಿಯೇ ಅಂತ ನಿನಗೆ ಹೇಗೆ ಗೊತ್ತು? ಜಾಸ್ತಿಯಾದರೂ ಬಡಿತ ಏರುಪೇರಾಗುತ್ತದೆ ಕಣೋ. ನೀನು ನುಂಗುವ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಅಲ್ವಾ? ಅದು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುವ ಜಾತಿಯದು. ಅದರ ಮೇಲೆ ಪುಡಿಯನ್ನೂ ಸುರಿದರೆ? ಅಂಗಡಿಯಲ್ಲಿ ಸಿಗುವ ಸೋಡಿಯಂ ಕಮ್ಮಿ ಇರುವ ಉಪ್ಪೂ ಅಷ್ಟೇ, ಅದರಲ್ಲಿ ಬೆರೆಸುವುದು ಪೊಟ್ಯಾಸಿಯಂ ಕ್ಲೋರೈಡ್.

ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಕಾಲು ಊತಕ್ಕೆ ನೀರಿನ ಮಾತ್ರೆ ಕೊಟ್ಟಿದ್ದರು. ರಾತ್ರಿ ಮೀನಖಂಡ ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಎದ್ದು, ಗೋಡೆಗೆ ಎರಡೂ ಕೈ ಊರಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಲ್ಲುತ್ತಿದ್ದಳು. ಬಳೆ ಗೋಡೆಗೆ ತಾಗುವ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ವಯಸ್ಸಾಯಿತು ಅಂತ ಅವಳೂ ಅಂದಳು, ನಾವೂ ಅಂದುಕೊಂಡೆವು. ಎದ್ದು ಹೋಗಿ ಕಾಲು ನೀವಬಹುದಿತ್ತು. ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಪೊಟ್ಯಾಸಿಯಂ 2.6 ಅಂತ ಬಂತು. 3.5ರಿಂದ 5 ಇರಬೇಕು. ಆ ಮಾತ್ರೆ ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಕಳೆಯುತ್ತದೆ ಅಂತ ಆಗ ತಿಳಿಯಿತು. ಡ್ರಿಪ್ಪಿನಲ್ಲಿ ನಿಧಾನವಾಗಿ ಏರಿಸಿದರು, ಪಕ್ಕದಲ್ಲಿ ಎದೆಬಡಿತದ ಮಾನಿಟರ್ ಇಟ್ಟುಕೊಂಡು. ಬೇಗ ಕೊಟ್ಟರೆ ಎದೆಯೇ ನಿಲ್ಲಬಹುದು ಎಂದರು ನರ್ಸ್. ಅಷ್ಟು ಹೆದರಿ ಕೊಡುವ ವಸ್ತುವನ್ನು ನೀನು ಬಿಟಿಎಂನ ರೂಮಿನಲ್ಲಿ ಕೂತು ಚಮಚದಲ್ಲಿ ಅಳೆಯುತ್ತೀಯಾ?

ಓದಿದವನಿಗೆ ನಾನೇನು ಹೇಳಲಿ. ಆದರೂ ನಾಳೆ ಬೆಳಿಗ್ಗೆ ಒಂದು ಇಸಿಜಿ, ರಕ್ತದಲ್ಲಿ ಎಲೆಕ್ಟ್ರೊಲೈಟ್ಸ್, ಅಂದರೆ ಸೋಡಿಯಂ, ಪೊಟ್ಯಾಸಿಯಂ, ಜೊತೆಗೆ ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಮಾಡಿಸು. ಮೆಗ್ನೀಸಿಯಂ ಕೂಡ ಸೇರಿಸಲು ಹೇಳು, ಅದು ಕಮ್ಮಿಯಿದ್ದರೆ ಪೊಟ್ಯಾಸಿಯಂ ಮೈಯಲ್ಲಿ ನಿಲ್ಲುವುದಿಲ್ಲ. ಮತ್ತೆ ಎದೆ ತಪ್ಪಿ ತಲೆ ಸುತ್ತಿದರೆ ಬೆಳಗಾಗಲಿ ಅಂತ ಕಾಯಬೇಡ, ಜಯದೇವ ಹೃದ್ರೋಗ ಆಸ್ಪತ್ರೆ ಹತ್ತಿರದಲ್ಲೇ ಇದೆ.

ರಿಪೋರ್ಟ್ ನೋಡಿ ಡಾಕ್ಟರು ಪೊಟ್ಯಾಸಿಯಂ ಜಾಸ್ತಿ ತಿನ್ನು ಅಂದರೆ ಊಟದಲ್ಲೇ ದಾರಿ ಇದೆ. ದಂಟಿನ ಸೊಪ್ಪು, ಪಾಲಕ್, ಅಣಬೆ. ಸೊಪ್ಪು ಬೇಯಿಸಿದ ನೀರನ್ನು ಮಾತ್ರ ಸಿಂಕಿಗೆ ಸುರಿಯಬೇಡ, ಪೊಟ್ಯಾಸಿಯಂ ಇಳಿಯುವುದು ಅದಕ್ಕೇ. ಬಸ್ಸಾರು ಮಾಡು, ಕಾಳು ಒಂದು ಹಿಡಿ ಸಾಕು. ಬಾಳೆಹಣ್ಣಿಗೆ ಸುಮ್ನೆ ಹೆಸರು. ಅದರಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ, ಬೆಣ್ಣೆಹಣ್ಣಿನಲ್ಲಿ 480ರ ಹತ್ತಿರ. ಸಕ್ಕರೆ ಸುರಿದ ಬಟರ್‌ಫ್ರೂಟ್ ಜ್ಯೂಸ್ ಹೇಳುತ್ತಿಲ್ಲ. ಹಣ್ಣನ್ನೇ ಹೆಚ್ಚಿ ಮೆಣಸಿನಪುಡಿ ಉದುರಿಸಿಕೋ.

ತೂಕ ಇಳಿದಿದೆಯಲ್ಲ, ಬಿಪಿ ಮಾತ್ರೆ ಅಷ್ಟೇ ಬೇಕೋ ಕಮ್ಮಿ ಮಾಡಬೇಕೋ ಅಂತಲೂ ಕೇಳು. ನೀನಾಗಿ ನಿಲ್ಲಿಸಬೇಡ. ಪುಡಿಯ ಡಬ್ಬ ಆಗಲೇ ತೆರೆದಿದ್ದರೆ ಎಷ್ಟು ತಿಂದೆ ಅನ್ನುವುದನ್ನು ಡಾಕ್ಟರಿಂದ ಮುಚ್ಚಿಡಬೇಡ. ನನ್ನಿಂದ ಬೇಕಾದರೆ ಮುಚ್ಚಿಡು.

ಇಸಿಜಿ ಆದ ತಕ್ಷಣ ಫೋನ್ ಮಾಡು. ಮಧ್ಯಾಹ್ನ ಮಲಗಿರುತ್ತಾರೆ ಅಂತ ಸಂಕೋಚ ಬೇಡ, ಮಲಗಿರುವುದಿಲ್ಲ.

ನಿನ್ನ ದೊಡ್ಡಮ್ಮ