ಈ ಸಲ ಡಿಸೆಂಬರ್ ಬಿಡಿ, ಚೈತ್ರದಲ್ಲಿ ಹೋಗಿ

ಆತ್ಮೀಯ ಓದುಗರೇ,

ಎಲ್ಲರಿಗೂ ಯುಗಾದಿ ಹಬ್ಬದ ಶುಭಾಶಯಗಳು.

ಊರಿಗೆ ಯಾವಾಗ ಹೋಗ್ತೀರಿ ಅಂತ ಬೆಂಗಳೂರು ಬಿಟ್ಟು ದೂರ ಬಂದಿರುವ ನಮ್ಮ ಸಂಘದವರಲ್ಲಿ ಯಾರನ್ನೇ ಕೇಳಿ, ಡಿಸೆಂಬರ್ ಅನ್ನುತ್ತಾರೆ. ಮಕ್ಕಳಿಗೆ ರಜೆ, ಆಫೀಸಿನಲ್ಲಿ ಕೆಲಸ ಕಡಿಮೆ, ಅಲ್ಲಿ ಹವೆಯೂ ತಂಪು. ಕಾರಣಗಳೆಲ್ಲ ಸರಿ. ಆದರೆ ಆ ಎರಡು ಮೂರು ವಾರದಲ್ಲಿ ನಮ್ಮ ಮಕ್ಕಳು ಬೆಂಗಳೂರಿನಲ್ಲಿ ನೋಡುವುದು ಏನು? ನೆಂಟರ ಮನೆ, ಮಾಲ್, ಟ್ರಾಫಿಕ್, ಮತ್ತೆ ವಿಮಾನ ನಿಲ್ದಾಣ. ಒಂದು ಸಲ ಯುಗಾದಿಗೆ ಹೋಗಿ ಅಂತ ಕೇಳಿಕೊಳ್ಳುವುದಕ್ಕೇ ಈ ಸಂಪಾದಕೀಯ ಬರೆಯುತ್ತಿದ್ದೇನೆ.

ಲೆಕ್ಕ ಸುಲಭ. ಚೈತ್ರ ಶುದ್ಧ ಪಾಡ್ಯಕ್ಕೆ ಯುಗಾದಿ, ನವಮಿಗೆ ರಾಮನವಮಿ, ಹುಣ್ಣಿಮೆಗೆ ಕರಗದ ಉತ್ಸವ. ಹೆಚ್ಚು ಕಡಿಮೆ 15 ದಿನದ ರಜೆ ಸಿಕ್ಕರೆ ಮೂರೂ ಸಿಗುತ್ತವೆ.

ಹಬ್ಬದ ಹಿಂದಿನ ಸಂಜೆ ಮಕ್ಕಳನ್ನು ಕರೆದುಕೊಂಡು ಗಾಂಧಿ ಬಜಾರಿಗೆ ಹೋಗಿ. ಮಾವಿನ ಸೊಪ್ಪು ಕಟ್ಟು ಕಟ್ಟಾಗಿ ಬಿದ್ದಿರುತ್ತದೆ. ಬೇವು ಹೂವಿನ ಸಮೇತ ಬಂದಿರುತ್ತದೆ. ಇಲ್ಲಿ ನಾವು ಡಬ್ಬಿಯಲ್ಲಿ ಕಾಪಾಡಿಟ್ಟ ಒಣ ಬೇವಿನ ಪುಡಿಯನ್ನು ಬೆಲ್ಲಕ್ಕೆ ಬೆರೆಸಿ ಕೊಡುತ್ತೇವಲ್ಲ, ಅದು ಆ ಹಸಿ ಹೂವಿಗೆ ಸಮವಲ್ಲ. ತಳ್ಳುಗಾಡಿಯವರು ಗಿಣಿಮೂತಿ ಮಾವಿನಕಾಯಿಯನ್ನು ಸೀಳಿ, ಉಪ್ಪು ಖಾರದಪುಡಿ ಸವರಿ ಕೊಡುತ್ತಾರೆ. ಇನ್ನು ರಸಪುರಿ, ಬಾದಾಮಿ ಮಾವಿನಹಣ್ಣು ಬೇಕು ಅನ್ನುವವರು ಸ್ವಲ್ಪ ತಡೆಯಬೇಕು. ಅವು ಚೆನ್ನಾಗಿ ಬರುವುದು ಮೇ ತಿಂಗಳಲ್ಲಿ.

ಹಬ್ಬದ ದಿನ ಮಾತ್ರ ಹೋಟೆಲ್ ಕಡೆ ತಲೆ ಹಾಕಬೇಡಿ. ಮನೆಯ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಮಾರನೇ ದಿನಕ್ಕೆ ಇನ್ನೂ ರುಚಿ ಏರುವ ಒಬ್ಬಟ್ಟಿನ ಸಾರು, ಇವನ್ನು ಬಿಟ್ಟು ಸಾಲಿನಲ್ಲಿ ಯಾಕೆ ನಿಲ್ಲಬೇಕು? ಸಾಲಿನಲ್ಲಿ ನಿಲ್ಲೋದಕ್ಕೆ ಬೇರೆ ದಿನಗಳಿವೆ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ ಗಾಂಧಿ ಬಜಾರಿನಲ್ಲೇ ಇದೆ. ಶುಕ್ರವಾರ ರಜೆ, ನೆನಪಿರಲಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ ತಟ್ಟೆ ಹಿಡಿದು ನಿಂತೇ ತಿನ್ನಬೇಕು. ಚಟ್ನಿ ಮಾತ್ರ, ಸಾಂಬಾರ್ ಇಲ್ಲ. ಆ ಚಟ್ನಿ ತಿಂದವರು ಸಾಂಬಾರ್ ಕೇಳುವುದೂ ಇಲ್ಲ.

ಮರಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮಾರ್ಚ್ ಹೊತ್ತಿಗೆ ಟಬೆಬುಯಾ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಂತಿರುತ್ತದೆ. ಜಕರಂಡದ ನೇರಳೆ ಅದರ ಬೆನ್ನಿಗೇ ಬರುತ್ತದೆ. ಏಪ್ರಿಲ್‌ಗೆ ಗುಲ್‌ಮೊಹರ್ ಶುರು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ಮರ ಆರಿಸಿ ನೆಡುವ ಯೋಚನೆ ಮಾಡಿದವರು ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನಿಯ ಕ್ರುಂಬಿಗಲ್. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ನಗರದ ಉದ್ದಗಲಕ್ಕೂ ಲಕ್ಷಗಟ್ಟಲೆ ಸಸಿ ನೆಡಿಸಿದರು. ನಾವು ಮೊಬೈಲಿನಲ್ಲಿ ಫೋಟೋ ಹಿಡಿಯುವ ಬಣ್ಣದ ಹಿಂದೆ ಇಂಥವರ ದುಡಿಮೆ ಇದೆ. ನನಗೆ ಇವೆಲ್ಲಕ್ಕಿಂತ ನಮ್ಮ ಹೊಂಗೆ ಇಷ್ಟ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ಹೊದ್ದು ನೆರಳು ಕೊಡುತ್ತದೆ. ಅದರ ಹೂವು ಬೆಳಿಗ್ಗೆ ಫುಟ್‌ಪಾತಿನ ಮೇಲೆ ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಮಕ್ಕಳನ್ನು ಅಲ್ಲಿ ಸುಮ್ನೆ ಓಡಾಡಲು ಬಿಡಿ.

ರಾಮನವಮಿಗೆ ಯಾವ ಬೀದಿಗೆ ಹೋದರೂ ಪಾನಕ, ಕೋಸಂಬರಿ, ಮಜ್ಜಿಗೆ ಹಂಚುತ್ತಿರುತ್ತಾರೆ. ಯಾರು, ಎಲ್ಲಿಂದ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಬೆಲ್ಲ, ಶುಂಠಿ, ಏಲಕ್ಕಿ ಬಿದ್ದ ಪಾನಕ ಒಂದು ಲೋಟ ಕುಡಿದರೆ ಬಿಸಿಲಿನ ದಣಿವು ಇಳಿಯುತ್ತದೆ. ಸಂಜೆಯಾದರೆ ಚಾಮರಾಜಪೇಟೆ. ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ 1939ರಷ್ಟು ಹಳೆಯದು. ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ಕೂತು ಕಛೇರಿ ಕೇಳುವ ಅನುಭವವೇ ಬೇರೆ. ಹೊರಗೆ ಆಟೋ ಹಾರ್ನ್ ಕೇಳುತ್ತಿರುತ್ತದೆ, ಒಳಗೆ ಪಕ್ಕದ ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ, ಗಾಯಕರು ಕಲ್ಯಾಣಿ ರಾಗದಲ್ಲಿ ಮುಳುಗಿರುತ್ತಾರೆ. ಇಲ್ಲಿ ಪ್ರತಿ ಶನಿವಾರ ಮಕ್ಕಳನ್ನು ಸಂಗೀತ ಕ್ಲಾಸಿಗೆ ಬಿಟ್ಟು ಕಾರಿನಲ್ಲಿ ಕಾಯುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದಿಷ್ಟೇ. ಕಲಿತದ್ದನ್ನು ಊರಿಗೆ ಊರೇ ಕೂತು ಕೇಳುತ್ತದೆ ಅಂತ ಮಕ್ಕಳು ಒಮ್ಮೆ ಕಣ್ಣಾರೆ ನೋಡಬೇಕು.

ನಾಟಕ ಬೇಕೆಂದರೆ ಜೆ. ಪಿ. ನಗರದ ರಂಗಶಂಕರ ಇದೆ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿದ ರಂಗಮಂದಿರ, 2004ರಿಂದ ನಡೆಯುತ್ತಿದೆ. ಸೋಮವಾರ ರಜೆ. ನಾಟಕ ಶುರುವಾದ ಮೇಲೆ ಬಾಗಿಲು ತೆಗೆಯುವುದಿಲ್ಲ, ಯಾರೇ ಬಂದರೂ ಅಷ್ಟೇ. ಮೊದಲೇ ಹೋಗಿ ಕ್ಯಾಂಟೀನಿನಲ್ಲಿ ಸಾಬುದಾನಿ ವಡೆ ತಿಂದು ಕೂತರೆ ನಿಶ್ಚಿಂತೆ.

ಇಷ್ಟೆಲ್ಲ ಹೇಳಿದ್ದು ಕರಗಕ್ಕೆ ಬರುವುದಕ್ಕೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು ಒಂದು ಸಲವೂ ಕರಗ ನೋಡದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ತಿಗಳ ಸಮುದಾಯದವರಿಗೆ ದ್ರೌಪದಿ ಮನೆದೇವತೆ, ತಲೆಯ ಮೇಲೆ ಹೊರುವ ಹೂವಿನ ಅಲಂಕಾರದ ಕರಗ ಅವಳದೇ ರೂಪ. ಮಧ್ಯರಾತ್ರಿ ದಾಟಿದ ಮೇಲೆ ಕರಗ ಹೊತ್ತವರು ಹೊರಗೆ ಬರುತ್ತಾರೆ. ಹೆಣ್ಣಿನ ಉಡುಗೆ, ಕೈತುಂಬ ಬಳೆ, ತಲೆಯಿಂದ ಸೊಂಟದವರೆಗೆ ಇಳಿಬಿದ್ದ ಮಲ್ಲಿಗೆಯ ಜಾಲ. ಸುತ್ತ ಕತ್ತಿ ಹಿಡಿದ ವೀರಕುಮಾರರು. ‘ಗೋವಿಂದಾ, ಗೋವಿಂದಾ’ ಅನ್ನುವ ಕೂಗಿಗೆ ಎದೆ ನಡುಗುತ್ತದೆ. ಮಹಡಿಗಳಿಂದ ಮಲ್ಲಿಗೆ ಸುರಿಯುತ್ತಾರೆ. ಕರಗ ಹೊತ್ತವರ ಹೆಜ್ಜೆ ನೋಡಿ. ನಡಿಗೆಯೂ ಅಲ್ಲ, ಕುಣಿತವೂ ಅಲ್ಲ. ತಲೆಯ ಮೇಲಿನ ಭಾರವನ್ನು ಕೈಯಲ್ಲಿ ಹಿಡಿಯದೆ ಬೆಳಗಾಗುವವರೆಗೆ ಹಳೆಯ ಪೇಟೆಗಳನ್ನೆಲ್ಲ ಸುತ್ತುತ್ತಾರೆ.

ಆ ದಾರಿಯಲ್ಲೇ ಕಾಟನ್‌ಪೇಟೆಯ ಹಜ್ರತ್ ತವಕ್ಕಲ್ ಮಸ್ತಾನ್ ದರ್ಗಾ ಬರುತ್ತದೆ. ಕರಗ ಅಲ್ಲಿಗೆ ಹೋಗಿಯೇ ಮುಂದೆ ಸಾಗುವುದು. ನಮ್ಮ ಮಕ್ಕಳಿಗೆ ಬೆಂಗಳೂರು ಅಂದರೆ ಏನು ಅಂತ ತೋರಿಸಬೇಕಾದರೆ ನಾನು ಅವರನ್ನು ಆ ರಾತ್ರಿ ಆ ದರ್ಗಾದ ಮುಂದೆ ನಿಲ್ಲಿಸುತ್ತೇನೆ. ಚಿಕ್ಕ ಮಕ್ಕಳಿದ್ದರೆ ನೂಕುನುಗ್ಗಲಿಗೆ ಇಳಿಯಬೇಡಿ. ಪೇಟೆಯಲ್ಲಿ ಪರಿಚಯದವರ ಮನೆ ಇದ್ದರೆ ಮಹಡಿಯಿಂದ ನೋಡಿ.

ಬಿಸಿಲಿನ ಮಾತೂ ಹೇಳಿಬಿಡುತ್ತೇನೆ. ಬೆಂಗಳೂರು ಈಗ ನಾವು ಬಿಟ್ಟು ಬಂದಾಗಿನಷ್ಟು ತಂಪಾಗಿಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗಾಗಿ ಕಾದವರು ಎಷ್ಟೋ ಜನ. ಅದಕ್ಕೇ ಅಡ್ಡಾಟವೆಲ್ಲ ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ಐದರ ಮೇಲೆ ಇಟ್ಟುಕೊಳ್ಳಿ. ಉಳಿದುಕೊಂಡ ಮನೆಯಲ್ಲಿ ನೀರು ನೋಡಿಕೊಂಡು ಬಳಸಿ. ಅತ್ತೆ ಮಾವ, ಅಣ್ಣ ಅತ್ತಿಗೆ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಅರ್ಥ ಮಾಡಿಕೊಳ್ಳಬೇಕು. ಒಂದು ಸಂಜೆ ಗುಡುಗಿ ಆಲಿಕಲ್ಲು ಬಿದ್ದರೆ ನಿಮ್ಮ ಅದೃಷ್ಟ. ಮಕ್ಕಳು ಅಂಗಳಕ್ಕೆ ಓಡುತ್ತಾರೆ, ತಡೆಯಬೇಡಿ.

ಈ ವರ್ಷದ ಹಬ್ಬ ಬಂದೇ ಬಿಟ್ಟಿತು, ಮುಂದಿನ ವರ್ಷಕ್ಕೆ ಈಗಲೇ ರಜೆ ಕೇಳಿಡಿ. ಪಂಚಾಂಗ ನೋಡಿ ಮೂರೂ ಹಬ್ಬಗಳ ದಿನಾಂಕಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಈಗಾಗಲೇ ಚೈತ್ರದಲ್ಲಿ ಹೋಗಿ ಬಂದವರು ಒಂದು ಪುಟ ಬರೆದು ಕಳಿಸಿ. ಮಕ್ಕಳು ಬರೆದರೆ ಇನ್ನೂ ಸಂತೋಷ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ಅವರ ಜೊತೆ ಕೂತು ತಿದ್ದಿ ಅಚ್ಚು ಹಾಕುತ್ತೇವೆ.